ಕಥೆಗಳೆಲ್ಲ ಒಂದೇ ಕೋಣೆ ಸೇರಿದಾಗ: ದೀರ್ಘಕಾಲದ ಲಾರ್ಪ್ ಕ್ಯಾಂಪೇನ್ ಒಂದರ ಪ್ರಕರಣ ಅಧ್ಯಯನ

ಆರನೇ ವರ್ಷಕ್ಕೆ ಕಾಲಿಟ್ಟಿದ್ದ ಒಂದು ಲಾರ್ಪ್ ಕ್ಯಾಂಪೇನ್‌ನ ಪ್ರಕರಣ ಇದು. ಲಾರ್ಪ್ ಎಂದರೆ ಆಟಗಾರರು ವೇಷ ತೊಟ್ಟು, ತಮ್ಮ ಪಾತ್ರವಾಗಿಯೇ ಓಡಾಡಿ, ಮಾತಾಡಿ, ಸಂಚು ಹೂಡಿ, ಕಾದಾಡಿ ಆಡುವ ಆಟ. ಪ್ರೇಕ್ಷಕರಿರುವುದಿಲ್ಲ, ಬರೆದಿಟ್ಟ ಸಂಭಾಷಣೆಯೂ ಇರುವುದಿಲ್ಲ. ಕ್ಯಾಂಪೇನ್‌ನಲ್ಲಿ ಅದೇ ಲೋಕ, ಅದೇ ಪಾತ್ರಗಳು ವರ್ಷಗಟ್ಟಲೆ ಮುಂದುವರಿಯುತ್ತವೆ. ಗುರುತು ಸಿಗದಿರಲೆಂದು ಲೋಕದ ಹೆಸರು, ಪಾತ್ರಗಳ ವಿವರ ಮತ್ತು ಕೆಲವು ಅಂಕಿಗಳನ್ನು ಬದಲಿಸಲಾಗಿದೆ; ನಿರ್ಧಾರಗಳ ಸರಣಿಯನ್ನು ಮುಟ್ಟಿಲ್ಲ.

ಹಿನ್ನೆಲೆ

ವರ್ಷಕ್ಕೆ ಮೂರು ಆಟ. ಪ್ರತಿಯೊಂದೂ ಶುಕ್ರವಾರ ರಾತ್ರಿ ಶುರುವಾಗಿ ಭಾನುವಾರ ಮಧ್ಯಾಹ್ನ ಮುಗಿಯುತ್ತಿತ್ತು. ಜಾಗ ಕಾಡಂಚಿನ ಒಂದು ಶಿಬಿರತಾಣ: ನಡುವೆ ದೊಡ್ಡ ಹಜಾರ, ಅದಕ್ಕೆ ಅಂಟಿಕೊಂಡ ಒಂದು ಕೋಣೆ, ಸುತ್ತ ಗುಡಾರಗಳು. ಆಟಗಾರರು ಸುಮಾರು 70, ಆಯೋಜಕರು 5, ಕ್ರೂ 15ರಿಂದ 20. ಕ್ರೂನವರಿಗೆ ಸ್ವಂತ ಪಾತ್ರ ಇರುವುದಿಲ್ಲ. ಬೆಳಿಗ್ಗೆ ವ್ಯಾಪಾರಿ, ಮಧ್ಯಾಹ್ನ ಡಕಾಯಿತ, ರಾತ್ರಿ ಪಿಶಾಚಿ, ಹೀಗೆ ಕಥೆ ಕೇಳಿದ ವೇಷವನ್ನೆಲ್ಲ ಅವರೇ ಹಾಕುತ್ತಾರೆ.

ಕಥೆಯ ನೆಲೆ ಸಾಮ್ರಾಜ್ಯವೊಂದರ ಗಡಿಯ ಕೋಟೆಪಟ್ಟಣ. ಅದನ್ನು ಆಳುವುದು ಏಳು ಜನರ ಪಟ್ಟಣಸಭೆ, ಏಳೂ ಆಟಗಾರರ ಪಾತ್ರಗಳೇ. ಅವರಲ್ಲಿ ಐವರು ಮೊದಲ ವರ್ಷದಿಂದ ಕದಲದೆ ಕುಳಿತಿದ್ದರು. ಅವರು ಕೆಟ್ಟ ಆಟಗಾರರಲ್ಲ, ಸ್ವಾರ್ಥಿಗಳೂ ಅಲ್ಲ. ಇಡೀ ಕ್ಯಾಂಪೇನ್‌ಗೆ ಮೊದಲ ಮೂರು ವರ್ಷ ಜೀವ ತುಂಬಿದವರೇ ಅವರು. ಮುಂದಿನದನ್ನು ಓದುವಾಗ ಇದನ್ನು ಮರೆಯಬಾರದು.

ಪಾತ್ರ ಬೆಳೆಯುವುದು ಅಂಕಗಳಿಂದ. ಹೊಸ ಪಾತ್ರಕ್ಕೆ 20 ಅಂಕ, ಮುಗಿಸಿದ ಪ್ರತಿ ಆಟಕ್ಕೆ ಇನ್ನೂ 10. ಹತ್ತು ಅಂಕ ಕೊಟ್ಟರೆ ಒಂದು ಹೆಚ್ಚುವರಿ ಜೀವಬಿಂದು, ಅಂದರೆ ಬೀಳುವ ಮೊದಲು ಇನ್ನೊಂದು ಏಟು ತಡೆದುಕೊಳ್ಳುವ ಶಕ್ತಿ. ಐದು ವರ್ಷ ತಪ್ಪದೆ ಬಂದವರ ಬಳಿ 170 ಅಂಕ, ಒಂದಷ್ಟನ್ನು ಕೌಶಲಗಳಿಗೆ ಕೊಟ್ಟ ಮೇಲೂ ಹನ್ನೆರಡು ಜೀವಬಿಂದು. ನಿನ್ನೆ ಬಂದವರ ಬಳಿ ಮೂರು. ಪಾತ್ರವನ್ನು ಅಂಕದಿಂದ ಬೆಳೆಸುವ ಈ ರೂಢಿ 1974ರಲ್ಲಿ ಹೊರಬಂದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಮೇಜಿನಾಟದ ಬಳುವಳಿ. ಮೇಜಿನ ಸುತ್ತ ಐದಾರು ಜನ ಒಟ್ಟಿಗೆ ಶುರುಮಾಡಿ ಒಟ್ಟಿಗೆ ಬೆಳೆಯುತ್ತಾರೆ, ಹಾಗಾಗಿ ಅಲ್ಲಿ ಅದು ಸಲೀಸು. ಎಪ್ಪತ್ತು ಜನ ಬೇರೆ ಬೇರೆ ವರ್ಷ ಬಂದು ಸೇರುವ ಮೈದಾನದಲ್ಲಿ ಅದೇ ಲೆಕ್ಕ ಪ್ರತಿವರ್ಷ ಒಂದು ಮೆಟ್ಟಿಲು ಎತ್ತರವಾಗುವ ಗೋಡೆ.

ಎರಡು ಆಟಗಳ ನಡುವೆ ಡೌನ್‌ಟೈಮ್. ಈ ಅವಧಿಯಲ್ಲಿ ತನ್ನ ಪಾತ್ರ ಏನೇನು ಮಾಡಿತು ಎಂದು ಆಟಗಾರ ಬರೆದು ಕಳಿಸುತ್ತಾನೆ, ಅದರ ಫಲ ಏನೆಂದು ಆಯೋಜಕರು ಉತ್ತರ ಬರೆಯುತ್ತಾರೆ. ಮೊದಲ ವರ್ಷ ಅರ್ಧ ಪುಟವಿದ್ದ ಉತ್ತರ ಐದನೇ ವರ್ಷದ ಹೊತ್ತಿಗೆ ನಾಲ್ಕು ಪುಟಕ್ಕೆ ಬೆಳೆದಿತ್ತು. ಪಟ್ಟಣಸಭೆಯವರು ದೂತರನ್ನು ಕಳಿಸುವವರು, ಒಪ್ಪಂದ ಮಾಡುವವರು, ಬೇಹುಗಾರರನ್ನು ನೇಮಿಸುವವರು. ಅವರ ಪ್ರಶ್ನೆಗಳೇ ಉದ್ದ. ಉತ್ತರ ಬರೆಯುವುದರಲ್ಲೇ ಆಯೋಜಕರ ಎಂಟು ವಾರ ಕಳೆಯುತ್ತಿತ್ತು. ಮುಂದಿನ ಆಟದ ಕಥೆ ಕಟ್ಟಲು ಉಳಿಯುತ್ತಿದ್ದುದು ಕೊನೆಯ ಹದಿನೈದು ದಿನ.

ಸಮಸ್ಯೆ ಕಾಣಿಸಿಕೊಂಡ ಬಗೆ

ನೋಂದಣಿಯ ಒಟ್ಟು ಸಂಖ್ಯೆ ನೋಡಿದರೆ ಏನೂ ಕೆಟ್ಟಂತಿರಲಿಲ್ಲ, ಪ್ರತಿ ಸಲವೂ ಎಪ್ಪತ್ತರ ಆಸುಪಾಸು. ಹೆಸರುಗಳನ್ನು ನೋಡಿದಾಗಲೇ ವಿಷಯ ಗೊತ್ತಾದದ್ದು. ಪ್ರತಿ ಆಟಕ್ಕೂ ಹನ್ನೆರಡು ಹೊಸ ಮುಖ ಬರುತ್ತಿದ್ದವು, ಮುಂದಿನ ಆಟಕ್ಕೆ ಅವರಲ್ಲಿ ಮೂರ್ನಾಲ್ಕು ಜನ ಮಾತ್ರ. ಉಳಿದವರ ಜಾಗಕ್ಕೆ ಇನ್ನೊಂದಷ್ಟು ಹೊಸಬರು. ಕ್ಯಾಂಪೇನ್ ನಡೆಸುವವರು ಒಟ್ಟು ಸಂಖ್ಯೆಯನ್ನು ನಂಬಿ ಕೂರಬಾರದು. ಎರಡನೇ ಆಟಕ್ಕೆ ಎಷ್ಟು ಜನ ಮರಳಿದರು ಎಂಬುದನ್ನು ಬೇರೆಯಾಗಿ ಬರೆದಿಡಬೇಕು. ಈ ತಂಡ ಅದನ್ನು ಬರೆದಿಡಲು ತೊಡಗಿದ್ದೇ ಐದನೇ ವರ್ಷ.

ಬಿಟ್ಟುಹೋದವರಿಗೆ ಕಾರಣ ಕೇಳಿ ಬರೆದಾಗ ಬಂದ ಉತ್ತರಗಳಲ್ಲಿ ಜಗಳವಿರಲಿಲ್ಲ, ದೂರೂ ಇರಲಿಲ್ಲ. ಒಬ್ಬರು ಹೀಗೆ ಬರೆದಿದ್ದರು: “ಎಲ್ಲರೂ ಚೆನ್ನಾಗಿ ಮಾತಾಡಿಸಿದರು. ಆದರೆ ಶನಿವಾರ ಮಧ್ಯಾಹ್ನ ಎರಡರಿಂದ ಆರರವರೆಗೆ ನಾನು ಯಾಕೆ ಅಲ್ಲಿದ್ದೇನೆ ಅಂತ ಗೊತ್ತಾಗಲಿಲ್ಲ.” ಶನಿವಾರ ಮಧ್ಯಾಹ್ನದ ಮಾತು ಬೇರೆ ಮೂರು ಪತ್ರಗಳಲ್ಲೂ ಇತ್ತು.

ಮೊದಲ ಯತ್ನ: ಅಂಕ ಹಂಚಿಕೆ

ಕಣ್ಣಿಗೆ ಕಾಣುವ ಅಂತರ ಅಂಕದ್ದು, ಹಾಗಾಗಿ ಅದಕ್ಕೇ ಮೊದಲು ಕೈ ಹಾಕಿದರು. ಹೊಸ ಪಾತ್ರಕ್ಕೆ 20ರ ಬದಲು 80 ಅಂಕ. ಕಾಳಗದಲ್ಲಿ ಇದರಿಂದ ಉಪಯೋಗವಾಯಿತು. ಅದಕ್ಕೆ ಮೊದಲು ಕ್ರೂನವರ ರಾಕ್ಷಸರನ್ನು ಹಳಬರಿಗೆ ತಕ್ಕಂತೆ ಬಲಪಡಿಸಿದರೆ ಹೊಸಬರು ಒಂದೇ ಏಟಿಗೆ ಬೀಳುತ್ತಿದ್ದರು, ಹೊಸಬರಿಗೆ ತಕ್ಕಂತೆ ಇಳಿಸಿದರೆ ಹಳಬರು ಐದು ನಿಮಿಷದಲ್ಲಿ ಮುಗಿಸಿಬಿಡುತ್ತಿದ್ದರು. ಆ ಇಕ್ಕಟ್ಟು ಅರ್ಧ ಸಡಿಲವಾಯಿತು. ಆದರೆ ಶನಿವಾರ ಮಧ್ಯಾಹ್ನ ಮೊದಲಿನಂತೆಯೇ ಖಾಲಿ. ಆರು ಏಟು ತಡೆದುಕೊಳ್ಳಬಲ್ಲ ಪಾತ್ರ ಕೈಯಲ್ಲಿದ್ದರೂ ಮಾಡಲು ಕೆಲಸವಿಲ್ಲದಿದ್ದರೆ ಅದೇ ಬೇಸರ. ಐದು ವರ್ಷ ದುಡಿದು ಅಂಕ ಕೂಡಿಟ್ಟವರಿಗೆ ಮಾತ್ರ ಮುನಿಸು ಉಳಿಯಿತು.

ಎರಡನೇ ಯತ್ನ: ಹೊಸಬರಿಗೆಂದೇ ಬರೆದ ಕಥೆ

ಮುಂದಿನ ಆಟಕ್ಕೆ ಆರು ಕಥಾಎಳೆಗಳನ್ನು ಹೊಸಬರ ಕೈಗೇ ಸಿಗುವಂತೆ ಹೆಣೆದರು. ಅವುಗಳಲ್ಲಿ ಒಂದನ್ನು ಹತ್ತಿರದಿಂದ ನೋಡಬೇಕು, ಏಕೆಂದರೆ ಪ್ರಕರಣದ ತಿರುಳು ಅದರಲ್ಲೇ ಇದೆ.

ಶನಿವಾರ ಬೆಳಿಗ್ಗೆ ಹತ್ತಕ್ಕೆ, ಗಾಯಗೊಂಡ ದೂತನ ವೇಷದ ಕ್ರೂ ಒಬ್ಬ ಕೋಟೆ ಬಾಗಿಲಲ್ಲಿ ಕುಸಿದು ಬೀಳುತ್ತಾನೆ. ಕಾವಲಿಗಿದ್ದದ್ದು ಮೊದಲ ಆಟಕ್ಕೆ ಬಂದಿದ್ದ ಹುಡುಗಿ. ಅರಗಿನ ಮುದ್ರೆಯ ಪತ್ರವೊಂದನ್ನು ಅವಳ ಕೈಗೆ ತುರುಕಿ ಅವನು ಸಾಯುತ್ತಾನೆ. ಒಳಗೆ ಒಂದು ನಕ್ಷೆ, ಪಾಳುಗುಡಿಯೊಂದರ ದಾರಿ. ಅವಳು ತನ್ನ ಮೂವರು ಗೆಳೆಯರನ್ನು ಕಟ್ಟಿಕೊಂಡು ಕಾಡಿಗೆ ಹೋಗುತ್ತಾಳೆ ಎಂಬುದು ಆಯೋಜಕರ ಲೆಕ್ಕ. ಅವಳು ಪತ್ರವನ್ನು ಕಾವಲುಪಡೆಯ ನಾಯಕನಿಗೆ ಕೊಟ್ಟಳು. ನಾಯಕ ಅದನ್ನು ಪಟ್ಟಣಸಭೆಗೆ ಒಯ್ದ. ಹತ್ತೂ ನಲವತ್ತಕ್ಕೆ ನಕ್ಷೆ ಸಭೆಯ ಮೇಜಿನ ಮೇಲಿತ್ತು, ಕೋಣೆಯ ಬಾಗಿಲು ಮುಚ್ಚಿತ್ತು. ಸಂಜೆ ನಾಲ್ಕಕ್ಕೆ ಪಟ್ಟಣದ ಅತಿಬಲರಾದ ಹತ್ತು ಪಾತ್ರಗಳು ಗುಡಿಯತ್ತ ಹೊರಟವು. ಪತ್ರ ತಂದವಳು ಅವರಿಗೆ ಬಾಗಿಲು ತೆಗೆದುಕೊಟ್ಟು, ಅಲ್ಲೇ ಕಾವಲು ನಿಂತಳು.

ಇದರಲ್ಲಿ ಯಾರ ತಪ್ಪೂ ಇಲ್ಲ. ಪಾತ್ರದ ಒಳಗಿನಿಂದ ನೋಡಿದರೆ ಪ್ರತಿಯೊಬ್ಬರೂ ಮಾಡಬೇಕಾದದ್ದನ್ನೇ ಮಾಡಿದರು. ಕಾವಲುಗಾರ್ತಿ ಅಪಾಯದ ಪತ್ರವನ್ನು ಮೇಲಧಿಕಾರಿಗೆ ಕೊಡದೆ ಬಚ್ಚಿಡುವುದೇ ಅಸಹಜ. ಸಭೆ ಅನನುಭವಿಗಳನ್ನು ಸಾವಿನ ಬಾಯಿಗೆ ಕಳಿಸಿದರೆ ಅದು ಹೊಣೆಗೇಡಿತನ. ಲೋಕದ ತರ್ಕವೇ ಎಲ್ಲ ಸುದ್ದಿಯನ್ನೂ ಮೇಲಕ್ಕೆ ಎಳೆಯುವಂತಿರುವಾಗ, ಕೆಳಗೆ ಎಷ್ಟು ಕಥೆ ಸುರಿದರೂ ಅದು ಮೇಲಕ್ಕೇ ಹೋಗುತ್ತದೆ. ಹೆಚ್ಚು ಕಥೆ ಬರೆದಷ್ಟೂ ಸಭೆಯ ಕೆಲಸ ಹೆಚ್ಚಿತು, ಹೊಸಬರ ಕೆಲಸ ಹೆಚ್ಚಲಿಲ್ಲ.

ಆಯೋಜಕರು ಆಗ ಇದನ್ನು ಹೀಗೆ ಓದಲಿಲ್ಲ. ಹಳಬರು ಎಲ್ಲವನ್ನೂ ಬಾಚಿಕೊಳ್ಳುತ್ತಿದ್ದಾರೆ ಎಂದು ಓದಿದರು. ಮುಂದಿನ ಅನಾಹುತ ಹುಟ್ಟಿದ್ದು ಈ ಓದಿನಿಂದ.

ಮೂರನೇ ಯತ್ನ ಮತ್ತು ಅದರ ಬೆಲೆ

ಸಭೆಯ ಒಂದೆರಡು ಸ್ಥಾನ ತೆರವಾದರೆ ದಾರಿ ತಾನಾಗಿ ತೆರೆಯುತ್ತದೆ ಎಂದು ಯೋಚಿಸಿ, ಭಾನುವಾರ ನಸುಕಿಗೆ ಒಂದು ದೊಡ್ಡ ದಾಳಿ ಇಟ್ಟರು. ಇಪ್ಪತ್ತು ಜನ ಕ್ರೂ. ಅವರಲ್ಲಿ ಸತ್ತವರು ಮರಗಳ ಹಿಂದೆ ಹೋಗಿ ಮತ್ತೆ ಎದ್ದು ಬರಬಹುದು. ಈ ಕ್ಯಾಂಪೇನ್‌ನ ನಿಯಮದಲ್ಲಿ ಬಿದ್ದ ಪಾತ್ರಕ್ಕೆ ಐದು ನಿಮಿಷದೊಳಗೆ ವೈದ್ಯರ ಆರೈಕೆ ಸಿಗದಿದ್ದರೆ ಸಾವು. ಸಭೆಯ ಇಬ್ಬರು ಬಿದ್ದರು, ಐದು ನಿಮಿಷ ಕಳೆಯಿತು, ಇಬ್ಬರೂ ಸತ್ತರು.

ಆರು ವರ್ಷ ಆಡಿದ ಪಾತ್ರ ಸತ್ತಾಗ ದುಃಖವಾಗುವುದು ಸಹಜ, ಅದು ಆಟದ ಸೊಗಸೂ ಹೌದು. ಪಾತ್ರದ ಭಾವನೆ ಆಟಗಾರನಿಗೆ, ಆಟಗಾರನ ಭಾವನೆ ಪಾತ್ರಕ್ಕೆ ಇಳಿಯುವುದನ್ನು ಲಾರ್ಪ್ ವಲಯದಲ್ಲಿ ಬ್ಲೀಡ್ ಎನ್ನುತ್ತಾರೆ. ಆ ಹೆಸರು ಕೊಟ್ಟವರು ಆಟ ವಿನ್ಯಾಸಕಿ ಎಮಿಲಿ ಕೇರ್ ಬಾಸ್. ಇಲ್ಲಿ ದುಃಖಕ್ಕಿಂತ ಕೆಟ್ಟದ್ದು ಆಯಿತು. ದಾಳಿಗೆ ಹತ್ತು ನಿಮಿಷ ಮೊದಲು ಪಟ್ಟಣದ ಇಬ್ಬರೂ ವೈದ್ಯರನ್ನು ಕ್ರೂ ಒಬ್ಬ ಶಿಬಿರದ ಇನ್ನೊಂದು ತುದಿಗೆ ಕರೆದೊಯ್ದಿದ್ದ. ಆಟ ಮುಗಿದ ಮೇಲೆ ಮಾತಿಗೆ ಮಾತು ಸೇರಿ ಅದು ಹೊರಬಿತ್ತು. ಸೋತೆವು ಎಂಬ ಭಾವ ಹೋಗಿ, ನಮ್ಮನ್ನು ಬೇಕೆಂದೇ ಮುಗಿಸಿದರು ಎಂಬ ಭಾವ ಬಂತು. ಆರು ವರ್ಷದ ಸ್ನೇಹ ಆ ಒಂದು ಬೆಳಿಗ್ಗೆ ಬಿರುಕು ಬಿಟ್ಟಿತು.

ಮುಂದಿನ ಆಟಕ್ಕೆ ನಾಲ್ವರು ಹಳಬರು ನೋಂದಾಯಿಸಲಿಲ್ಲ. ಹಜಾರಕ್ಕೆ ಲಾಟೀನು, ಪರದೆ, ದೊಡ್ಡ ಗುಡಾರ ತರುತ್ತಿದ್ದವರು, ಕ್ರೂನವರನ್ನು ತಮ್ಮ ಗಾಡಿಯಲ್ಲಿ ಕರೆತರುತ್ತಿದ್ದವರು ಅವರೇ. ಹಳಬರ ಜೊತೆ ಏನೇನು ಹೋಗುತ್ತದೆ ಎಂಬುದು ಹೋದ ಮೇಲೆ ತಿಳಿಯಿತು.

ತಿರುವು

ಆಯೋಜಕರು ಎರಡು ಕೆಲಸ ಮಾಡಿದರು, ಎರಡೂ ಮೆಚ್ಚತಕ್ಕವು. ವೈದ್ಯರನ್ನು ದೂರ ಮಾಡಿದ್ದು ತಾವೇ ಎಂದು ಎಲ್ಲರಿಗೂ ಬರೆದು ಒಪ್ಪಿಕೊಂಡರು. ಆಮೇಲೆ ಹಿಂದಿನ ಆಟದ ಆರು ಕಥಾಎಳೆಗಳೂ ಎಲ್ಲೆಲ್ಲಿ ಹೋದವು ಎಂದು ಜಾಡು ಹಿಡಿದರು. ಪ್ರತಿ ಆಟಗಾರನಿಗೆ ಒಂದೇ ಸಾಲಿನ ಪ್ರಶ್ನೆ: ಈ ವಸ್ತು ಅಥವಾ ಸುದ್ದಿ ನಿಮಗೆ ಯಾರಿಂದ ಬಂತು, ನೀವು ಯಾರಿಗೆ ಕೊಟ್ಟಿರಿ? ಉತ್ತರಗಳನ್ನು ಒಂದು ದೊಡ್ಡ ಹಾಳೆಯ ಮೇಲೆ ಬಾಣಗಳಾಗಿ ಬರೆದರು. ಆರರಲ್ಲಿ ಐದು ಎಳೆ ಮೂರು ಗಂಟೆಯೊಳಗೆ ಅದೇ ಕೋಣೆ ಸೇರಿದ್ದವು. ಆರನೆಯದು ಸೇರಲಿಲ್ಲ, ಯಾಕೆ ಎಂಬುದು ಆಮೇಲೆ ಬಹಳ ಕೆಲಸಕ್ಕೆ ಬಂತು.

ಆ ಹಾಳೆಯನ್ನು ಹಿಡಿದು ಹಳಬರ ಎದುರು ಕೂತಾಗ, ಸಭೆಯ ಹಿರಿಯರೊಬ್ಬರು ಹೇಳಿದ ಮಾತು ಎಲ್ಲರ ಎಣಿಕೆಯನ್ನೂ ತಲೆಕೆಳಗು ಮಾಡಿತು. “ನೀವು ನಾವು ಬಿಟ್ಟುಕೊಡ್ತಿಲ್ಲ ಅಂದ್ಕೊಂಡಿದ್ದೀರಿ. ಬೆಳಿಗ್ಗೆ ಒಂಬತ್ತಕ್ಕೆ ಆ ಕೋಣೆಗೆ ಹೋದ್ರೆ ರಾತ್ರಿ ಹನ್ನೊಂದಕ್ಕೆ ಹೊರಗೆ ಬರ್ತೀನಿ. ಕಾಡು ನೋಡಿ ಎರಡು ವರ್ಷ ಆಯ್ತು. ಎದ್ದು ಹೋದ್ರೆ ಪಟ್ಟಣ ಕೈಬಿಟ್ಟ ಹಾಗಾಗುತ್ತಲ್ಲ, ನನ್ನ ಪಾತ್ರ ಅದನ್ನ ಹೇಗೆ ಮಾಡತ್ತೆ?”

ಹೊಸಬರಿಗೆ ಕೆಲಸವಿಲ್ಲ, ಹಳಬರಿಗೆ ಉಸಿರಾಡಲು ಬಿಡುವಿಲ್ಲ. ಎರಡೂ ಒಂದೇ ರಚನೆಯ ಎರಡು ಮುಖ. ಅಧಿಕಾರವನ್ನು ಕಿತ್ತುಕೊಳ್ಳುವುದು ಹೇಗೆ ಎಂಬ ಪ್ರಶ್ನೆ ಅಲ್ಲಿಗೆ ಬಿತ್ತು. ಹಿರಿಯ ಪಾತ್ರ ತನ್ನ ಘನತೆಗೆ ಕುಂದಿಲ್ಲದಂತೆ ಎದ್ದು ಹೋಗಲು ಲೋಕದೊಳಗೆ ಯಾವ ಬಾಗಿಲು ಇಡಬಹುದು ಎಂಬ ಪ್ರಶ್ನೆ ಎದ್ದಿತು.

ಎಲ್ಲವನ್ನೂ ಮುಗಿಸಿ ಹೊಸ ಕ್ಯಾಂಪೇನ್ ಶುರುಮಾಡೋಣ ಎಂಬ ಸಲಹೆಯೂ ಬಂದಿತ್ತು. ಅದು ಸುಲಭ, ಆದರೆ ಅದೇ ಪಟ್ಟಣಸಭೆ, ಅದೇ ಅಂಕದ ಲೆಕ್ಕ ಇಟ್ಟುಕೊಂಡರೆ ಮೂರು ವರ್ಷದಲ್ಲಿ ಮತ್ತೆ ಅಲ್ಲಿಗೇ ಬರುತ್ತೇವೆ ಎಂದು ಕೈಬಿಟ್ಟರು. ಸರಿಯಾದ ನಿರ್ಧಾರ.

ಏನೇನು ಬದಲಿಸಿದರು

ಮೊದಲನೆಯದು ಸ್ಥಾನದ ಅವಧಿ. ದೂರದ ಅರಸನಿಂದ ಒಂದು ಸನ್ನದು ಬರುತ್ತದೆ: ಸಭೆಯ ಪ್ರತಿ ಸ್ಥಾನಕ್ಕೂ ಮೂರು ಆಟಗಳ ಅವಧಿ, ಅದೇ ವ್ಯಕ್ತಿ ಸತತ ಎರಡು ಅವಧಿ ಕೂರುವಂತಿಲ್ಲ, ಸಭೆ ನಡೆಯುವಾಗ ಸದಸ್ಯರು ಕೋಟೆಯ ಹೊರಗೆ ಕಾದಾಡಲು ಹೋಗುವಂತಿಲ್ಲ. ಮುಖ್ಯವಾದದ್ದು ಇದರ ಕ್ರಮ. ಸನ್ನದು ಆಟದಲ್ಲಿ ಬರುವ ಎರಡು ತಿಂಗಳ ಮೊದಲೇ ಆಟದ ಹೊರಗೆ ಏಳೂ ಜನರ ಜೊತೆ ಕೂತು ಒಪ್ಪಿಸಿದ್ದರು. ಸನ್ನದು ಓದಿದಾಗ ಅವರ ಪಾತ್ರಗಳು ಮೇಜು ಗುದ್ದಿ ಕೂಗಾಡಿದವು, ಅರಸನನ್ನು ಬೈದವು. ಆಟಗಾರರಿಗೆ ಮಾತ್ರ ಮುಂದೇನು ಎಂದು ಗೊತ್ತಿತ್ತು. ಮೊದಲೇ ಒಪ್ಪಿದ ಸೋಲನ್ನು ಜನ ಮನಸಾರೆ ಆಡುತ್ತಾರೆ. ಹಿಂದಿನಿಂದ ಬಂದ ಸೋಲನ್ನು ಯಾರೂ ಕ್ಷಮಿಸುವುದಿಲ್ಲ.

ಎರಡನೆಯದು ಸುದ್ದಿ ಆಟದೊಳಗೆ ಬರುವ ರೀತಿ. ಸಭೆ ಸೇರದ ಆ ಆರನೇ ಎಳೆಗೆ ಪತ್ರವೇ ಇರಲಿಲ್ಲ. ಮೂವರು ಹೊಸಬರು ರಾತ್ರಿ ಒಂದು ಬಲಿಯನ್ನು ಕಣ್ಣಾರೆ ಕಂಡಿದ್ದರು. ಅದನ್ನು ತಡೆಯುವ ವಿಧಿಗೆ ಕಂಡವರೇ ಬೇಕಿತ್ತು. ಕಾಗದವನ್ನು ಕೈಯಿಂದ ಕೈಗೆ ದಾಟಿಸಬಹುದು, ಕಂಡದ್ದನ್ನು ದಾಟಿಸಲಾಗುವುದಿಲ್ಲ. ಸಭೆಗೆ ಹೋಗಿ ಹೇಳಿದರೂ ಸಭೆ ಮತ್ತೆ ಅವರನ್ನೇ ಕರೆಯಬೇಕು. ಆಮೇಲಿನ ಆಟಗಳಲ್ಲಿ ಮುದ್ರೆಯ ಪತ್ರಗಳನ್ನು ಬಹುಮಟ್ಟಿಗೆ ನಿಲ್ಲಿಸಿ ಸಾಕ್ಷಿಗಳನ್ನು ಹೆಚ್ಚಿಸಿದರು: ಕನಸು ಬಿದ್ದವರು, ಶಾಪ ತಗುಲಿದವರು, ಸಾಯುವವನಿಗೆ ಮಾತು ಕೊಟ್ಟವರು.

ಮೂರನೆಯದು ನಿವೃತ್ತಿ. ಹಳೆಯ ಪಾತ್ರವನ್ನು ಬಿಡಲು ಮುಂದೆ ಬಂದವರಿಗೆ ಕೊನೆಯ ದೃಶ್ಯವನ್ನು ಅವರೇ ಆರಿಸುವ ಹಕ್ಕು. ಸಾವು, ಸನ್ಯಾಸ, ದೇಶಾಂತರ, ಏನಾದರೂ ಸರಿ. ಲೋಕದಲ್ಲಿ ಅವರದೊಂದು ಗುರುತು ಉಳಿಯಬೇಕು: ಕೋಟೆಯ ಬಾಗಿಲಿಗೆ ಹೆಸರು, ಒಂದು ಕಾಯಿದೆ, ತೀರಿಸದ ಒಂದು ಸಾಲ. ತೀರಿಸದ ಸಾಲ ಎಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತದೆ, ಏಕೆಂದರೆ ಉಳಿದವರು ಅದನ್ನು ಹೊತ್ತು ತಿರುಗಬೇಕು. ಹೊಸ ಪಾತ್ರಕ್ಕೆ ಹಳೆಯ ಅಂಕ ಬರುವುದಿಲ್ಲ, ಮೂವರು ಹೊಸಬರ ಜೊತೆ ಮೊದಲೇ ಹೆಣೆದ ನಂಟು ಬರುತ್ತದೆ. ನಡುವೆ ಒಂದು ಆಟವನ್ನು ಕ್ರೂ ಆಗಿ ಆಡಿ ಹೋಗಬಹುದು. ಇದನ್ನು ಆರಿಸಿಕೊಂಡ ಹಳಬರು ಎರಡು ವರ್ಷದ ಮೇಲೆ ಕಾಡು ಕಂಡರು, ರಾಕ್ಷಸರಾಗಿ.

ಅಂಕಗಳಲ್ಲಿ ಜೀವಬಿಂದುವಿಗೆ ಆರರ ಮಿತಿ ಹಾಕಿ, ಪ್ರತಿ ಕೌಶಲದ ಮುಂದಿನ ಮೆಟ್ಟಿಲಿಗೆ ಹಿಂದಿನದರ ಇಮ್ಮಡಿ ಬೆಲೆ ಇಟ್ಟರು. ಹಳಬರು ಒಂದೇ ಕಡೆ ಎತ್ತರಕ್ಕೆ ಹೋಗುವ ಬದಲು ಹಲವು ಕಡೆ ಹರಡಿಕೊಂಡರು. ಬದಲಾವಣೆಯ ಹೊತ್ತಿಗೆ ಎಲ್ಲರಿಗೂ ಒಂದು ಸಲ ಅಂಕಗಳನ್ನು ಹೊಸದಾಗಿ ಜೋಡಿಸಿಕೊಳ್ಳುವ ಅವಕಾಶ ಕೊಟ್ಟಿದ್ದರಿಂದ ಗೊಣಗಾಟ ಕಡಿಮೆಯಾಯಿತು.

ಡೌನ್‌ಟೈಮ್‌ಗೆ ಕತ್ತರಿ ಬಿತ್ತು. ಒಂದು ಪಾತ್ರಕ್ಕೆ ಒಂದೇ ಕ್ರಿಯೆ, 150 ಪದದೊಳಗೆ. ಉತ್ತರವೂ 150 ಪದ. ಬೇರೆ ಬೇರೆ ಗುಂಪಿನ ಇಬ್ಬರು ಸೇರಿ ಒಂದೇ ಕ್ರಿಯೆ ಬರೆದರೆ ಫಲ ದೊಡ್ಡದು. ಹಳಬರು ಜೊತೆಗಾರರಿಗಾಗಿ ಹೊಸಬರನ್ನು ಹುಡುಕತೊಡಗಿದ್ದು ಇದರಿಂದಲೇ. ಆಯೋಜಕರ ಎಂಟು ವಾರ ಮೂರಕ್ಕೆ ಇಳಿಯಿತು.

ಹೊಸಬರ ಮೊದಲ ಗಂಟೆಯನ್ನೂ ಕಟ್ಟಿದರು. ಆಟಕ್ಕೆ ಮೊದಲೇ ಪ್ರತಿ ಹೊಸ ಪಾತ್ರಕ್ಕೆ ಮೂರು ನಂಟು: ನೆರವಾಗುವವರೊಬ್ಬರು, ಋಣ ಇರುವವರೊಬ್ಬರು, ಮನಸ್ತಾಪ ಇರುವವರೊಬ್ಬರು. ಮನಸ್ತಾಪದ್ದನ್ನು ಬಿಡಬಾರದು, ಬರೀ ಸ್ನೇಹಿತರಿದ್ದರೆ ಹೊಸಬರು ಅವರ ಹಿಂದೆ ಸುಮ್ಮನೆ ನಡೆಯುತ್ತಾರೆ. ಶುಕ್ರವಾರ ಸಂಜೆ 45 ನಿಮಿಷದ ತಾಲೀಮು, ಪ್ರತಿ ಹೊಸಬರ ಜೊತೆ ಒಬ್ಬ ಹಳಬರು. ಆಯುಧ ಪರೀಕ್ಷೆ ಮೊದಲು: ಫೋಮ್ ಕತ್ತಿಯ ತುದಿಯನ್ನು ಹೆಬ್ಬೆರಳಿನಿಂದ ಒತ್ತಿದಾಗ ಒಳಗಿನ ಗಟ್ಟಿ ಕೋಲು ಸಿಕ್ಕಬಾರದು, ಬಾಗಿಸಿದಾಗ ಮೇಲಿನ ಲೇಟೆಕ್ಸ್ ಪದರ ಬಿರಿಯಬಾರದು. ಆಮೇಲೆ ಇಬ್ಬರೂ ಹತ್ತತ್ತು ಏಟು, ಬಲವನ್ನು ಕೊನೇಕ್ಷಣದಲ್ಲಿ ಹಿಡಿದು, ತಲೆಗೆ ಎಂದೂ ಹೊಡೆಯದೆ. ಕೊನೆಗೆ ಸುರಕ್ಷತೆಯ ಸಂಕೇತಗಳು. ಕಟ್ ಎಂದರೆ ಆಟ ಅಲ್ಲಲ್ಲೇ ನಿಲ್ಲಬೇಕು, ಬ್ರೇಕ್ ಎಂದರೆ ದೃಶ್ಯದ ಬಿಸಿ ಇಳಿಸಬೇಕು. ಯಾರಾದರೂ ಅಳುತ್ತಿದ್ದರೆ, ಅದು ಪಾತ್ರದ ಅಳುವೋ ನಿಜದ್ದೋ ಗೊತ್ತಾಗದಿದ್ದರೆ, ಹೆಬ್ಬೆರಳು ತೋರುಬೆರಳು ಸೇರಿಸಿ ಉಂಗುರ ತೋರಿಸುವುದು. ಎದುರಿನವರು ಹೆಬ್ಬೆರಳು ಮೇಲೆತ್ತಿದರೆ ಮುಂದುವರಿಸಿ. ಕೈ ಅಡ್ಡ ಮಾಡಿದರೆ ಅಥವಾ ಹೆಬ್ಬೆರಳು ಕೆಳಗೆ ಮಾಡಿದರೆ ಆಟದಿಂದ ಆಚೆ ಕರೆದೊಯ್ದು ಮಾತಾಡಿಸಿ.

ಶನಿವಾರ ಮಧ್ಯಾಹ್ನಕ್ಕೆ ಅಹವಾಲು ದಿನ ಇಟ್ಟರು. ಎರಡರಿಂದ ಐದರವರೆಗೆ ಸಭೆ ಕೋಣೆ ಬಿಟ್ಟು ಬಯಲಲ್ಲಿ ಕೂರಬೇಕು, ಯಾರು ಬೇಕಾದರೂ ದೂರು ತರಬಹುದು, ಆದರೆ ತಮ್ಮ ಗುಂಪಿನವರಲ್ಲದ ಇಬ್ಬರು ಸಾಕ್ಷಿಗಳ ಜೊತೆ. ಸಾಕ್ಷಿ ಹುಡುಕಿಕೊಂಡು ಎಲ್ಲರೂ ಎಲ್ಲರ ಗುಡಾರಕ್ಕೂ ಹೋಗಬೇಕಾಯಿತು.

ಆದದ್ದು

ಮೊದಲ ಆಟ ಗೊಂದಲದಲ್ಲೇ ಕಳೆಯಿತು. ಎಂಟು ಸಾಕ್ಷಿಗಳು ಸೇರಿ ಮಾಡಬೇಕಿದ್ದ ವಿಧಿಯೊಂದಿತ್ತು, ಎಂಟೂ ಜನ ಕಡ್ಡಾಯ. ಒಬ್ಬರಿಗೆ ಶನಿವಾರ ಬೆಳಿಗ್ಗೆ ಜ್ವರ ಬಂದು ಮನೆಗೆ ಹೋದರು. ಇಡೀ ಕಥೆ ಅಲ್ಲಿಗೇ ನಿಂತಿತು. ಉಳಿದ ಏಳು ಜನ ಸಂಜೆವರೆಗೆ ಆಯೋಜಕರ ಗುಡಾರಕ್ಕೆ ಎಡತಾಕಿದರು. ಆಮೇಲೆ ನಿಯಮ ಬದಲಾಯಿತು: ಎಂಟು ಜನರಿಗೆ ತಿಳಿಸು, ಐದು ಜನ ಸಾಕು ಎನ್ನು. ಯಾವ ರಹಸ್ಯವೂ ಒಬ್ಬರ ಬಳಿ ಮಾತ್ರ ಇರಬಾರದು. ಜನ ಕಾಯಿಲೆ ಬೀಳುತ್ತಾರೆ, ಬೇಗ ಮಲಗುತ್ತಾರೆ, ಹೇಳಿದ್ದನ್ನು ಮರೆಯುತ್ತಾರೆ. ಕಥೆ ಇಷ್ಟನ್ನೂ ತಾಳಿಕೊಳ್ಳಬೇಕು.

ಅಹವಾಲು ದಿನವೂ ಮೊದಲ ಸಲ ಐದಕ್ಕೆ ಮುಗಿಯದೆ ಏಳರವರೆಗೆ ಎಳೆಯಿತು. ಸಂಜೆಯ ದಾಳಿಗೆ ವೇಷ ಹಾಕಿ ಸಿದ್ಧವಾಗಿದ್ದ ಕ್ರೂ ಎರಡು ಗಂಟೆ ಕಾಡಿನಲ್ಲಿ ಕೂತು ಬೇಸತ್ತರು. ಮುಂದಿನ ಸಲದಿಂದ ಒಂದು ಅಹವಾಲಿಗೆ ಹತ್ತು ನಿಮಿಷ, ಮರಳುಗಡಿಯಾರ ಇಟ್ಟು.

ಎರಡನೇ ಆಟದ ಭಾನುವಾರ ಬೆಳಿಗ್ಗೆ ಸ್ಥಾನ ಹಸ್ತಾಂತರ. ಕಾಡು ನೋಡಿ ಎರಡು ವರ್ಷ ಆಯಿತು ಎಂದಿದ್ದವರು ತಮ್ಮ ಸೊಂಟದಿಂದ ಬೀಗದ ಕೈಗೊಂಚಲು ಬಿಚ್ಚಿ ಹೊಸ ಸದಸ್ಯೆಗೆ ಕೊಟ್ಟರು. ಅವಳು ಪತ್ರ ತಂದು ಬಾಗಿಲಲ್ಲೇ ಉಳಿದಿದ್ದ ಅದೇ ಕಾವಲುಗಾರ್ತಿ. ಕ್ಯಾಂಪೇನ್ ಬಿಡುವ ಯೋಚನೆಯಲ್ಲಿದ್ದವಳು. ಗೊಂಚಲಲ್ಲಿ ಹನ್ನೊಂದು ಕೈ. ಯಾವುದು ಯಾವ ಬಾಗಿಲಿನದು ಎಂದು ಅವರು ಹೇಳಲಿಲ್ಲ. “ಕೇಳ್ಕೊಂಡು ತಿಳ್ಕೊಳ್ಳಮ್ಮ, ನಾನೂ ಹಾಗೇ ತಿಳ್ಕೊಂಡಿದ್ದು” ಎಂದಷ್ಟೇ ಹೇಳಿ ಹೊರಟರು. ಹನ್ನೊಂದು ಬಾಗಿಲಿನ ಗುಟ್ಟು ಹಳೆಯ ಪಾತ್ರಗಳಲ್ಲಿ ಚದುರಿತ್ತು. ಮುಂದಿನ ಎರಡು ಆಟ ಅವಳು ಒಬ್ಬೊಬ್ಬರನ್ನೇ ಹುಡುಕಿಕೊಂಡು ಹೋದಳು. ನಿವೃತ್ತರಾದವರಿಗೂ ಅದರಿಂದ ಕೆಲಸ ಸಿಕ್ಕಿತು. ಆಯೋಜಕರು ಬರೆದ ಕಥೆಯಲ್ಲ ಇದು. ಆ ಹಿರಿಯ ಆಟಗಾರರೇ ಮನೆಯಲ್ಲಿ ಕೂತು ಯೋಚಿಸಿ ತಂದದ್ದು. ಆಟಗಾರರು ಹೀಗೆ ಇನ್ನೊಬ್ಬರ ಆಟವನ್ನು ಎತ್ತಿಹಿಡಿಯಲು ಶುರುಮಾಡಿದ ಮೇಲೆ ಆಯೋಜಕರು ಬರೆಯಬೇಕಾದ ಪುಟಗಳು ತಾವಾಗಿ ಕಡಿಮೆಯಾಗುತ್ತವೆ.

ನಾಲ್ಕು ಆಟ ಕಳೆಯುವಷ್ಟರಲ್ಲಿ ಹನ್ನೆರಡು ಹೊಸಬರಲ್ಲಿ ಏಳೆಂಟು ಜನ ಎರಡನೇ ಆಟಕ್ಕೆ ಮರಳುವಂತಾಯಿತು. ನೋಂದಾಯಿಸದೆ ಹೋದ ನಾಲ್ವರು ಹಳಬರಲ್ಲಿ ಇಬ್ಬರು ಬಂದರು, ಇಬ್ಬರು ಬರಲೇ ಇಲ್ಲ. ಕಥೆಯಲ್ಲೂ ಒಂದು ನಷ್ಟವಿದೆ. ಒಬ್ಬನೇ ಮಂತ್ರಿ ನಾಲ್ಕು ವರ್ಷ ಹೆಣೆದು ಐದನೇ ವರ್ಷ ಬಿಚ್ಚುವ ಸಂಚು ಈಗ ಸಾಧ್ಯವಿಲ್ಲ. ಮೂರು ಆಟಗಳ ಅವಧಿಯಲ್ಲಿ ಅಷ್ಟು ಆಳಕ್ಕೆ ಇಳಿಯಲು ಆಗುವುದಿಲ್ಲ. ಅಂಥ ಸಂಚಿನ ಸೊಗಸು ಬೇಕೆನ್ನುವ ಆಟಗಾರರು ಇದ್ದಾರೆ, ಅವರ ಆಸೆ ತಪ್ಪಲ್ಲ. ಇಪ್ಪತ್ತು ಮೂವತ್ತು ಜನರ, ಎಲ್ಲರೂ ಒಟ್ಟಿಗೆ ಶುರುಮಾಡಿದ ಕ್ಯಾಂಪೇನ್ ಆದರೆ ಅವಧಿಯ ಕಟ್ಟುಪಾಡು ಬೇಡ ಎಂದೇ ಹೇಳಬೇಕು. ಪ್ರತಿವರ್ಷ ಹೊಸಬರು ಬಂದು ಸೇರುವ ಕಡೆ ಅದಿಲ್ಲದೆ ಆಗದು.

ಇನ್ನೊಂದು ಕ್ಯಾಂಪೇನ್‌ನಲ್ಲಿ ಇದೇ ಅನುಮಾನ ಬಂದರೆ, ನಿಯಮಪುಸ್ತಕ ಮುಟ್ಟುವ ಮೊದಲು ಜಾಡು ಹಿಡಿಯುವ ಕೆಲಸ ಮಾಡಿ. ಆಟ ಮುಗಿದ ಒಂದು ವಾರದೊಳಗೆ, ನೆನಪು ಹಸಿಯಿರುವಾಗ, ಮೂರು ಕಥಾಎಳೆಗಳನ್ನು ಆರಿಸಿ: ಒಂದು ವಸ್ತುವಿನದು, ಒಂದು ಸುದ್ದಿಯದು, ಒಂದು ಕಣ್ಣಾರೆ ಕಂಡದ್ದು. ಯಾರಿಂದ ಬಂತು, ಯಾರಿಗೆ ಹೋಯಿತು, ಎಷ್ಟು ಹೊತ್ತಿಗೆ ಎಂದು ಎಲ್ಲರನ್ನೂ ಕೇಳಿ. ಹೊಸಬರನ್ನು ಮೊದಲು ಕೇಳಿ, ಏಕೆಂದರೆ ತಾವು ಮಾಡಿದ್ದು ಲೆಕ್ಕಕ್ಕಿಲ್ಲ ಎಂದುಕೊಂಡು ಉತ್ತರ ಬರೆಯದೆ ಉಳಿಯುವವರು ಅವರೇ. ಬಾಣಗಳು ಒಂದೇ ಕಡೆ ಸೇರುತ್ತಿದ್ದರೆ ಆ ಹಾಳೆಯನ್ನು ಮೊದಲು ತೋರಿಸಬೇಕಾದದ್ದು ಆ ಕೋಣೆಯಲ್ಲಿ ಕೂತವರಿಗೆ.